ನಡುರಾತ್ರಿ ತೆರೆದುಕೊಳ್ಳುವ ಮುಚ್ಚಳ: ಸ್ಪಾಂಜ್ ಐರನ್ ಹೊಗೆ, ದಂಡದ ಲೆಕ್ಕ ಮತ್ತು ಹಸಿರು ಉಕ್ಕಿನ ಮಾತು

ಮಾಳಿಗೆಮನೆ, ಕೊಪ್ಪಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕೊಪ್ಪಳ ಮತ್ತು ಗಿಣಿಗೇರಿಯ ನಡುವೆ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಸಂಜೆ ತೊಳೆದು ಮಾಳಿಗೆಯ ಮೇಲಿಟ್ಟ ಸ್ಟೀಲ್ ತಟ್ಟೆಯನ್ನು ಬೆಳಿಗ್ಗೆ ಒರೆಸಿದರೆ ಬೆರಳು ಕಾಡಿಗೆ ಹಚ್ಚಿದಂತೆ ಕಪ್ಪಾಗುತ್ತದೆ. ಹಳೆಯ ರೇಡಿಯೊ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಆ ಪುಡಿಯ ಹತ್ತಿರ ಹಿಡಿದರೆ ಅದರಲ್ಲಿ ಒಂದು ಪಾಲು ಎದ್ದು ಬಂದು ಅಂಟಿಕೊಳ್ಳುತ್ತದೆ. ಒಲೆಯ ಮಸಿ ಹಾಗೆ ಅಂಟುವುದಿಲ್ಲ ಎಂಬುದನ್ನು ಹೇಳಲು ವಿಜ್ಞಾನಿಯೇ ಬೇಕಿಲ್ಲ. ದಾಳಿಂಬೆಯ ಎಲೆಗಳನ್ನು ನೀರಿನಲ್ಲಿ ತೊಳೆಯುವ ಕೆಲಸ ಔಷಧ ಸಿಂಪಡಿಸುವ ಕೆಲಸದಷ್ಟೇ ದೊಡ್ಡದಾಗಿದೆ.

ಹಗಲಿನಲ್ಲಿ ನೋಡಿದರೆ, ಊರಿನ ಪಕ್ಕದಲ್ಲಿ ಉಕ್ಕಿಗೆ ಬೇಕಾದ ಸ್ಪಾಂಜ್ ಐರನ್ ಎಂಬ ಕಬ್ಬಿಣ ಮಾಡುವ ಕಾರ್ಖಾನೆಯ ಚಿಮಣಿಯಿಂದ ಬರುವ ಹೊಗೆ ತೆಳ್ಳಗೆ, ಬೆಳ್ಳಗೆ ಇರುತ್ತದೆ. ರಾತ್ರಿ ಒಂದರಿಂದ ನಾಲ್ಕರ ನಡುವೆ ಅದೇ ಆವರಣದಲ್ಲಿ ಬೇರೊಂದು ಬಾಯಿಯಿಂದ ಕೆಂಪು ಬೆಂಕಿಯ ನಾಲಿಗೆ ಮತ್ತು ದಟ್ಟ ಕಪ್ಪು ಹೊಗೆ ಏಳುತ್ತದೆ. ಕಳೆದ ಆರು ತಿಂಗಳಲ್ಲಿ ಇಂತಹ 41 ರಾತ್ರಿಗಳ ದಿನಾಂಕವನ್ನೂ ಸಮಯವನ್ನೂ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. ಕಾರ್ಖಾನೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಸಂಬಂಧಪಟ್ಟ ಕಚೇರಿಗೆ ಎರಡು ಬಾರಿ ದೂರು ಕೊಟ್ಟೆ. ಎರಡೂ ಸಲ ಅಧಿಕಾರಿಗಳು ಹಗಲು ಹನ್ನೊಂದು ಗಂಟೆಗೆ ಬಂದು ನೋಡಿ, ಎಲ್ಲವೂ ಮಿತಿಯೊಳಗಿದೆ ಎಂದು ಬರೆದುಕೊಂಡು ಹೋದರು.

ಪತ್ರಿಕೆಯಲ್ಲಿ ದಿನವೂ ಹಸಿರು ಉಕ್ಕು (ಕಡಿಮೆ ಇಂಗಾಲ ಬಿಟ್ಟು ಮಾಡಿದ ಉಕ್ಕು), ಕಾರ್ಬನ್ ಮಾರುಕಟ್ಟೆ, 2070ರ ಹೊತ್ತಿಗೆ ಇಂಗಾಲದ ನಿವ್ವಳ ಶೂನ್ಯ ಎಂದು ಓದುತ್ತೇನೆ. ಈ ನೀತಿಗಳಲ್ಲಿ ಯಾವುದಾದರೂ ಒಂದು ನನ್ನ ಮಾಳಿಗೆಯ ತಟ್ಟೆಯವರೆಗೆ ಬರುತ್ತದೆಯೇ? ಬರುವುದಿಲ್ಲವಾದರೆ ನಾನು ಯಾರನ್ನು, ಏನೆಂದು ಕೇಳಬೇಕು? ತಿಳಿದವರು ಹೇಳಬೇಕು.

ಹಳೆಯ ಶಿಫ್ಟ್ ಇನ್‌ಚಾರ್ಜ್

ಮಾಳಿಗೆಮನೆಯವರೇ, ಹದಿನಾಲ್ಕು ವರ್ಷ ಇಂತಹ ಕಿಲ್ನ್‌ಗಳ ಮೇಲೆ ದುಡಿದು ಈಗ ಬಿಟ್ಟಿದ್ದೇನೆ. ನೀವು ನೋಡಿದ ‘ಬೇರೊಂದು ಬಾಯಿ’ ಯಾವುದು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಗೊತ್ತಿಲ್ಲದಿದ್ದರೆ ದೂರು ನಿಲ್ಲುವುದಿಲ್ಲ.

ಸ್ಪಾಂಜ್ ಐರನ್ ಕಿಲ್ನ್ ಎಂದರೆ ಅಡ್ಡಡ್ಡ ಮಲಗಿಸಿ ಸ್ವಲ್ಪ ವಾಲಿಸಿದ, ಒಳಗೆ ಬೆಂಕಿ ಇಟ್ಟಿಗೆ ಹೊದಿಸಿದ, ನಿಧಾನವಾಗಿ ತಿರುಗುತ್ತಲೇ ಇರುವ ದೊಡ್ಡ ಉಕ್ಕಿನ ಕೊಳವೆ. ಅದಿರು, ಕಲ್ಲಿದ್ದಲು ಮತ್ತು ಡೋಲೋಮೈಟ್ ಕಲ್ಲನ್ನು ಒಂದು ತುದಿಯಿಂದ ಹಾಕುತ್ತಾರೆ. ಸುಮಾರು 1,000 ಡಿಗ್ರಿ ಶಾಖದಲ್ಲಿ ಅದಿರು ಕರಗುವುದಿಲ್ಲ, ತನ್ನೊಳಗಿನ ಆಮ್ಲಜನಕವನ್ನಷ್ಟೇ ಬಿಟ್ಟುಕೊಟ್ಟು ರಂಧ್ರ ರಂಧ್ರವಾಗಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಅನಿಲವಾದರೋ ವಸ್ತುವಿಗೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ, ಮತ್ತು ಅದರ ತುಂಬ ದೂಳು ಹಾಗೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ದೂಳು ಕೂರುವ ಕೋಣೆಯನ್ನು ದಾಟಿ, ನಾವು ಎಬಿಸಿ ಎಂದು ಕರೆಯುವ ಕೋಣೆಯಲ್ಲಿ ಆ ಮೊನಾಕ್ಸೈಡ್ ಸುಟ್ಟು, ಆಮೇಲೆ ತಂಪಾಗಿ ಇಎಸ್‌ಪಿ ಎಂಬ ದೂಳು ಹಿಡಿಯುವ ಯಂತ್ರಕ್ಕೆ ಬರಬೇಕು. ಇಎಸ್‌ಪಿಯಲ್ಲಿ ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತಿನಿಂದ ದೂಳಿನ ಕಣಗಳು ಫಲಕಗಳಿಗೆ ಅಂಟುತ್ತವೆ. ಸುತ್ತಿಗೆಗಳು ಬಡಿದಾಗ ಕೆಳಗಿನ ಹಾಪರ್ ಎಂಬ ತೊಟ್ಟಿಗೆ ಉದುರುತ್ತವೆ. ಇಷ್ಟನ್ನೂ ಎಳೆದು ಚಿಮಣಿಗೆ ಕೊಡುವುದು ಐಡಿ ಫ್ಯಾನ್.

ಎಬಿಸಿಯ ನೆತ್ತಿಯ ಮೇಲೆ ಇನ್ನೊಂದು ಗಿಡ್ಡ ಚಿಮಣಿ ಇದೆ, ಅದಕ್ಕೆ ಮುಚ್ಚಳವೂ ಇದೆ. ನಾವು ‘ಕ್ಯಾಪ್’ ಎನ್ನುತ್ತಿದ್ದೆವು. ಕರೆಂಟ್ ಹೋಗಿ ಫ್ಯಾನ್ ನಿಂತರೆ ಒಳಗಿನ ಅನಿಲ ಹಿಂದಕ್ಕೆ ತಳ್ಳಿ ಸ್ಫೋಟವಾಗುವ ಭಯವಿರುವುದರಿಂದ ಆ ಮುಚ್ಚಳ ತೆರೆಯಲೇಬೇಕು. ಅದು ಕೆಲಸಗಾರರ ಜೀವ ಉಳಿಸುವ ವ್ಯವಸ್ಥೆ. ಹೊಸದಾಗಿ ಕಿಲ್ನ್ ಹೊತ್ತಿಸುವಾಗಲೂ ಅದನ್ನು ತೆರೆದಿಡುತ್ತಾರೆ. ಹೀಗಾಗಿ ಕ್ಯಾಪ್ ತೆರೆದದ್ದೆಲ್ಲ ಕಳ್ಳತನವಲ್ಲ. ಆದರೆ ಕ್ಯಾಪ್ ತೆರೆದಾಗ ಬರುವ ಹೊಗೆ ಇಎಸ್‌ಪಿಯನ್ನು ಮುಟ್ಟಿಯೇ ಇರುವುದಿಲ್ಲ. ನಿಮ್ಮ ತಟ್ಟೆಯ ಮೇಲೆ ಬೀಳುವುದು ಅದು.

ಕರೆಂಟ್ ಬಿಲ್ ಉಳಿಸಲು ಇಎಸ್‌ಪಿ ಬಂದ್ ಮಾಡುತ್ತಾರೆ ಎಂದು ಊರಿನವರೆಲ್ಲ ಹೇಳುವುದುಂಟು. ಅದು ಅರ್ಧ ಸತ್ಯ. ಇಎಸ್‌ಪಿಯಲ್ಲಿ ದೂಳು ಹಿಡಿಯುವ, ಫೀಲ್ಡ್ ಎಂಬ ಮೂರು ನಾಲ್ಕು ವಿಭಾಗಗಳು ಸಾಲಾಗಿರುತ್ತವೆ. ಒಂದು ಫೀಲ್ಡ್ ಕೆಟ್ಟರೆ ರಿಪೇರಿಗೆ ಒಳಗೆ ಇಳಿಯಬೇಕು, ಇಳಿಯಬೇಕಾದರೆ ಕಿಲ್ನ್ ನಿಲ್ಲಿಸಬೇಕು, ನಿಲ್ಲಿಸಿದರೆ ತಣಿದು ಮತ್ತೆ ಕಾಯಲು ದಿನಗಳೇ ಹಿಡಿಯುತ್ತವೆ, ಮತ್ತು ಆ ಬಿಸಿ ತಂಪಿನ ಹೊಡೆತಕ್ಕೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ. ಯಾವ ಮ್ಯಾನೇಜರನೂ ಒಂದು ಫೀಲ್ಡಿಗಾಗಿ ಕಿಲ್ನ್ ನಿಲ್ಲಿಸಿದ್ದನ್ನು ನಾನು ನೋಡಲಿಲ್ಲ. ಕಿಲ್ನಿನ ಒಳಗೋಡೆಗೆ ಒಳಗಿನ ವಸ್ತು ಅಂಟಿ ಗಟ್ಟಿ ಉಂಗುರ ಕಟ್ಟಿ ತಾನಾಗಿಯೇ ನಿಲ್ಲುವ ದಿನದವರೆಗೆ ಸತ್ತ ಫೀಲ್ಡನ್ನೇ ಇಟ್ಟುಕೊಂಡು ಓಡಿಸುತ್ತಾರೆ. ಒತ್ತಡ ಜಾಸ್ತಿಯಾದಾಗ ರಾತ್ರಿ ಕ್ಯಾಪ್ ಎತ್ತುತ್ತಾರೆ. ನಾನೂ ಎತ್ತಿಸಿದ್ದೇನೆ, ಸುಳ್ಳೇಕೆ ಹೇಳಲಿ.

ಲೆಕ್ಕಪತ್ರ

ಹಳೆಯ ಶಿಫ್ಟ್ ಇನ್‌ಚಾರ್ಜ್ ಹೇಳಿದ್ದಕ್ಕೆ ಹಣದ ಲೆಕ್ಕವನ್ನು ಜೋಡಿಸುತ್ತೇನೆ. ನಿಯಮ ಮುರಿದ ಘಟಕಕ್ಕೆ ಪರಿಸರ ಪರಿಹಾರ ವಿಧಿಸಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಂದು ಸೂತ್ರವಿದೆ. ಮಾಲಿನ್ಯದ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿಯ ಗುಣಕ, ಘಟಕದ ಗಾತ್ರ, ಊರಿನ ಜನಸಂಖ್ಯೆ ಎಂಬ ಐದನ್ನು ಒಂದಕ್ಕೊಂದು ಗುಣಿಸುತ್ತಾರೆ. ಸ್ಪಾಂಜ್ ಐರನ್ ಅತಿ ಹೆಚ್ಚು ಮಾಲಿನ್ಯದ ‘ಕೆಂಪು’ ವರ್ಗಕ್ಕೆ ಸೇರಿರುವುದರಿಂದ ಸೂಚ್ಯಂಕ 80. ರೂಪಾಯಿಯ ಗುಣಕ ಸಾಮಾನ್ಯವಾಗಿ 250, ದೊಡ್ಡ ಘಟಕಕ್ಕೆ 1.5, ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ 1. ಗುಣಿಸಿದರೆ ದಿನಕ್ಕೆ 30,000 ರೂಪಾಯಿ.

ಇನ್ನೊಂದು ಕಡೆ, ದಿನಕ್ಕೆ 100 ಟನ್ ತೆಗೆಯುವ ಒಂದು ಕಿಲ್ನ್ ಟನ್ನಿಗೆ 20,000 ರೂಪಾಯಿಯಂತೆ ಮಾರಿತೆಂದು ಕೈಬಿಗಿ ಹಿಡಿದೇ ಲೆಕ್ಕ ಹಾಕಿದರೂ ದಿನದ ಮಾರಾಟ 20 ಲಕ್ಷ. ಅದು ಲಾಭವಲ್ಲ, ಮಾರಾಟ ಮಾತ್ರ ಎಂಬುದು ನನಗೂ ಗೊತ್ತಿದೆ. ಆದರೂ ನಾಲ್ಕಾರು ದಿನ ಕಿಲ್ನ್ ನಿಲ್ಲಿಸಿ ಫೀಲ್ಡ್ ರಿಪೇರಿ ಮಾಡಿಸುವುದಕ್ಕಿಂತ, ಸಿಕ್ಕಿಬಿದ್ದ ದಿನಗಳಿಗೆ ಮಾತ್ರ ದಂಡ ಕಟ್ಟಿ ಓಡಿಸುವುದೇ ಅಗ್ಗ ಎಂಬುದನ್ನು ಕಾಣಲು ಯಾವ ಲೆಕ್ಕಿಗನೂ ಬೇಕಿಲ್ಲ. ಅದರಲ್ಲೂ ಹಗಲು ಹನ್ನೊಂದರ ತಪಾಸಣೆಯಲ್ಲಿ ಉಲ್ಲಂಘನೆಯ ದಿನಗಳು ಎಂಬ ಅಂಕಿ ಸೊನ್ನೆಯಾದರೆ, ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ.

1981ರ ವಾಯು ಕಾಯ್ದೆಯಲ್ಲಿ ಮೊದಲು ಜೈಲು ಶಿಕ್ಷೆ ಇತ್ತು. 2023ರ ಜನ ವಿಶ್ವಾಸ್ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಬಹುಪಾಲು ತಪ್ಪುಗಳಿಗೆ 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಇದನ್ನು ಕೆಲವರು ಸಡಿಲಿಕೆ ಎಂದು ಬೈಯುತ್ತಾರೆ. ಯಾರನ್ನೂ ಜೈಲಿಗೆ ಕಳಿಸದ ಜೈಲು ಶಿಕ್ಷೆಗಿಂತ ವಸೂಲಾಗುವ ದಂಡ ಮೇಲು ಎಂದು ನಾನು ಭಾವಿಸುತ್ತೇನೆ, ವಸೂಲಾದರೆ ಮಾತ್ರ.

ಎರಡು ಲಾರಿ

ಎಲ್ಲರೂ ಕಾರ್ಖಾನೆಯವರನ್ನೇ ಬೈಯುತ್ತಿದ್ದೀರಿ, ಆದ್ದರಿಂದ ನಾನು ಒಂದೆರಡು ಮಾತು ಹೇಳಲೇಬೇಕು. ನನ್ನ ಎರಡು ಲಾರಿಗಳು ಇದೇ ಕಾರ್ಖಾನೆಗಳನ್ನು ನಂಬಿಕೊಂಡಿವೆ. ಒಂದು ಟನ್ ಸ್ಪಾಂಜಿಗೆ ಒಂದೂವರೆ ಟನ್ನಿಗಿಂತ ಹೆಚ್ಚು ಅದಿರು ಮತ್ತು ಒಂದು ಟನ್ನಿನ ಆಸುಪಾಸು ಕಲ್ಲಿದ್ದಲು ಬೇಕು. ಅಂದರೆ 100 ಟನ್ನಿನ ಕಿಲ್ನಿಗೆ ದಿನವೂ 250 ಟನ್ ಒಳಗೆ ಹೋಗುತ್ತದೆ, ಮಾಲು ಮತ್ತು ಡೋಲೋಚಾರ್ ಎಂಬ ತ್ಯಾಜ್ಯ ಹೊರಗೆ ಬರುತ್ತದೆ. ಆ ಲೋಡಿನಲ್ಲಿ ಎಷ್ಟು ಮನೆಗಳ ಒಲೆ ಉರಿಯುತ್ತಿದೆ ಎಂಬುದನ್ನೂ ಲೆಕ್ಕಪತ್ರದವರು ಗುಣಿಸಿ ನೋಡಲಿ. ಕಾರ್ಖಾನೆಗಳ ಮಾಲಿನ್ಯದ ವಿರುದ್ಧ ನಡೆದ 2025ರ ಫೆಬ್ರುವರಿ 24ರ ಕೊಪ್ಪಳ ಬಂದ್‌ನಲ್ಲಿ ಗವಿಮಠದ ಶ್ರೀಗಳ ಜೊತೆ ನಾನೂ ನಡೆದಿದ್ದೇನೆ. ಉಸಿರು ನನಗೂ ಬೇಕು, ಲಾರಿಯ ಕಂತೂ ನನಗೇ ಇದೆ.

ಇನ್ನೊಂದು ವಿಷಯ. ಚಿಮಣಿಯಷ್ಟೇ ದೂಳನ್ನು ರಸ್ತೆಯೂ ಎಬ್ಬಿಸುತ್ತದೆ. ಗೇಟಿನ ಒಳಗೆ ಕಾಂಕ್ರೀಟ್ ಇಲ್ಲ, ಡೋಲೋಚಾರ್ ಗುಡ್ಡೆಗೆ ನೀರು ಹೊಡೆಯುವುದಿಲ್ಲ, ತಾಡಪಾಲು ಕಟ್ಟದೆ ಗಾಡಿ ಬಿಡುತ್ತಾರೆ. ಇದನ್ನು ಸರಿಪಡಿಸಲು ಕೋಟಿಗಳು ಬೇಕಿಲ್ಲ, ಕಿಲ್ನ್ ನಿಲ್ಲಿಸಬೇಕಾಗಿಯೂ ಇಲ್ಲ.

ಸೂರತ್ ವಾಸಿ

ನಾನು ಹುಟ್ಟಿದ್ದು ಗಂಗಾವತಿಯಲ್ಲಿ, ಹೊಟ್ಟೆಪಾಡಿಗೆ ಇರುವುದು ಸೂರತ್‌ನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಬಾಯ್ಲರ್ ವಿಭಾಗದಲ್ಲಿ ಉಪಕರಣಗಳನ್ನು ನೋಡಿಕೊಳ್ಳುತ್ತೇನೆ. ಲೆಕ್ಕಪತ್ರದವರ ಸೊನ್ನೆಯ ಸಮಸ್ಯೆಯನ್ನು ಇಲ್ಲಿ ಬೇರೆ ರೀತಿ ಬಿಡಿಸಲು ನೋಡಿದ್ದಾರೆ.

2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯು ಸೂರತ್‌ನ ಕಾರ್ಖಾನೆಗಳ ದೂಳಿಗೆ ಒಂದು ಮಾರುಕಟ್ಟೆ ತೆರೆಯಿತು. ಚಿಮಣಿಯ ದೂಳಿಗಾಗಿ ಇಂತಹ ಮಾರುಕಟ್ಟೆ ಜಗತ್ತಿನಲ್ಲೇ ಮೊದಲನೆಯದು. ಭಾಗವಹಿಸುವ ಕಾರ್ಖಾನೆಗಳೆಲ್ಲ ಸೇರಿ ಇಷ್ಟು ಕಿಲೋ ದೂಳು ಮಾತ್ರ ಬಿಡಬಹುದೆಂದು ಒಟ್ಟು ಮಿತಿ ಹಾಕಿ, ಅದರ 80 ಶೇಕಡಾ ಪರ್ಮಿಟ್‌ಗಳನ್ನು ಪುಕ್ಕಟೆ ಹಂಚಿ, ಉಳಿದ 20 ಶೇಕಡಾ ಹರಾಜಿಗೆ ಇಟ್ಟರು. ಕಡಿಮೆ ದೂಳು ಬಿಟ್ಟವನು ಉಳಿದ ಪರ್ಮಿಟನ್ನು ಮಾರಬಹುದು, ಹೆಚ್ಚು ಬಿಟ್ಟವನು ಕೊಳ್ಳಬೇಕು. ಬೆಲೆ ಕಿಲೋಗೆ 5 ರೂಪಾಯಿಗಿಂತ ಇಳಿಯದಂತೆ, 100 ರೂಪಾಯಿಗಿಂತ ಏರದಂತೆ ಕಟ್ಟು ಹಾಕಿದ್ದರು. ಪರ್ಮಿಟ್ ಇಲ್ಲದೆ ಬಿಟ್ಟ ಪ್ರತಿ ಕಿಲೋಗೆ 200 ರೂಪಾಯಿಯನ್ನು ಮೊದಲೇ ಇಡಿಸಿಕೊಂಡ ಠೇವಣಿಯಿಂದ ಮುರಿದುಕೊಳ್ಳುತ್ತಿದ್ದರು. ವಸೂಲಿಗೆ ಯಾರ ಬಾಗಿಲಿಗೂ ಹೋಗಬೇಕಾಗಿರಲಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಬೆನ್ನೆಲುಬು ಆ ಠೇವಣಿಯೇ.

ಅರ್ಥಶಾಸ್ತ್ರಜ್ಞರು ಸುಮಾರು ಮುನ್ನೂರು ಕಾರ್ಖಾನೆಗಳನ್ನು ಎರಡು ಗುಂಪು ಮಾಡಿ ಅಳೆದಾಗ, ಮಾರುಕಟ್ಟೆಯೊಳಗಿದ್ದ ಗುಂಪಿನ ದೂಳು ಇನ್ನೊಂದು ಗುಂಪಿಗಿಂತ 20ರಿಂದ 30 ಶೇಕಡಾ ಕಡಿಮೆಯಾಗಿತ್ತು. ಇದರಲ್ಲಿ ಗಮನಿಸಬೇಕಾದದ್ದು ಎಂದರೆ, ಚಿಮಣಿಗೆ ನಿರಂತರ ಅಳೆಯುವ ಉಪಕರಣವನ್ನು ಎರಡೂ ಗುಂಪುಗಳಿಗೆ ಕೂರಿಸಿದ್ದರು. ಹಾಗಾಗಿ ಮೀಟರ್ ಇಟ್ಟ ಮಾತ್ರಕ್ಕೆ ಹೊಗೆ ಇಳಿಯಲಿಲ್ಲ, ಮೀಟರಿನ ಅಂಕಿಗೆ ರೂಪಾಯಿ ಕಟ್ಟಿದ ಮೇಲೆ ಇಳಿಯಿತು.

ಮಾಳಿಗೆಮನೆ, ಕೊಪ್ಪಳ ತಾಲ್ಲೂಕು

ಸೂರತ್‌ನವರೇ, ವಿವರಕ್ಕೆ ಧನ್ಯವಾದ. ಆದರೆ ನನಗೊಂದು ಅನುಮಾನ ಉಳಿದಿದೆ. ಒಟ್ಟು ಮಿತಿ ಜಿಲ್ಲೆಗೆ ಒಂದೇ ಎಂದಾದರೆ, ದೂರದ ಕಾರ್ಖಾನೆಯೊಂದು ಶುದ್ಧವಾಗಿ ನಡೆದು ಪರ್ಮಿಟ್ ಮಾರಿ, ನಮ್ಮ ಊರಿನ ಪಕ್ಕದವನು ಅದನ್ನು ಕೊಂಡು ಯಥಾಪ್ರಕಾರ ಹೊಗೆ ಬಿಟ್ಟರೆ ಜಿಲ್ಲೆಯ ಲೆಕ್ಕ ಸರಿಯಾಗಿರುತ್ತದೆ, ನನ್ನ ತಟ್ಟೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಅಲ್ಲದೆ ನಿಮ್ಮ ಉಪಕರಣ ಇರುವುದು ದೊಡ್ಡ ಚಿಮಣಿಯಲ್ಲಿ. ಕ್ಯಾಪಿನಿಂದ ಹೋದ ಹೊಗೆಯನ್ನು ಅದು ಕಾಣುವುದೇ ಇಲ್ಲವಲ್ಲ?

ಸೂರತ್ ವಾಸಿ

ಎರಡೂ ಸರಿಯಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರವೆಂದರೆ ಮಾರುಕಟ್ಟೆಯು ಪ್ರತಿ ಚಿಮಣಿಗೆ ಇರುವ ದೂಳಿನ ಮಾನದಂಡದ ಮೇಲೆ ಕೂರಬೇಕೇ ಹೊರತು ಮಾನದಂಡದ ಬದಲಿಗೆ ಅಲ್ಲ. ಊರಿಗೆ ಅಂಟಿದ ಘಟಕಕ್ಕೆ ಕೊಳ್ಳುವ ಮಿತಿಯನ್ನೇ ಹಾಕಬಹುದು. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಟ್ಟೆ ಮಿಲ್ಲಿನ ಬಾಯ್ಲರಿಗೆ ಕ್ಯಾಪ್ ಎಂಬುದು ಇರುವುದಿಲ್ಲ. ಹಳೆಯ ಶಿಫ್ಟ್ ಇನ್‌ಚಾರ್ಜ್ ಅವರೇ ಹೇಳಬೇಕು.

ಇನ್ನೊಂದು ಅನುಭವವನ್ನು ಸೇರಿಸಿಬಿಡುತ್ತೇನೆ. ಇದೇ ಗುಜರಾತಿನಲ್ಲಿ 2009ರಿಂದ 2011ರವರೆಗೆ ಪರಿಸರ ಆಡಿಟರುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಕಾರ್ಖಾನೆಯೇ ಆರಿಸಿ ಸಂಬಳ ಕೊಡುತ್ತಿದ್ದ ಆಡಿಟರುಗಳ ವರದಿಗಳಲ್ಲಿ ಅಂಕಿಗಳು ವಿಚಿತ್ರವೆಂಬಂತೆ ಮಿತಿಯ ಕೆಳಗಡೆಯೇ ಗುಂಪುಗೂಡಿರುತ್ತಿದ್ದವು. ಆಡಿಟರನ್ನು ಚೀಟಿ ಎತ್ತಿ ಹಂಚಿ, ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಟ್ಟು, ಕೆಲವು ವರದಿಗಳನ್ನು ಮತ್ತೆ ಅಳೆದು ನೋಡಿದಾಗ ವರದಿಯೂ ನಿಜವಾಯಿತು, ಹೊಗೆಯೂ ಕಡಿಮೆಯಾಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪರಿಸರ ಆಡಿಟ್ ನಿಯಮಗಳಲ್ಲಿಯೂ ಆಡಿಟರನ್ನು ಹೀಗೆ ಕಾರ್ಖಾನೆಯ ಕೈಗೆ ಬಿಡದೆ ಹಂಚುವ ವಿಚಾರ ಬಂದಿದೆ.

ಡಾರ್ಟ್‌ಮಂಡ್‌ನಿಂದ

ಜರ್ಮನಿಯಲ್ಲಿ ಉಕ್ಕಿನ ನೀತಿಯ ಬಗ್ಗೆ ಓದುತ್ತಿರುವ ಬಳ್ಳಾರಿಯವಳು ನಾನು. ಮಾಳಿಗೆಮನೆಯವರ ಮೊದಲ ಪ್ರಶ್ನೆಗೆ, ಅಂದರೆ ಹಸಿರು ಉಕ್ಕಿನ ನೀತಿ ತಟ್ಟೆಯವರೆಗೆ ಬರುತ್ತದೆಯೇ ಎಂಬುದಕ್ಕೆ, ಯಾರೂ ಇನ್ನೂ ಉತ್ತರಿಸಿಲ್ಲ.

ತಾನಾಗಿ ಬರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ವ್ಯಾಖ್ಯೆ ಕೊಟ್ಟಿತು. ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲ ಹೊರಬಿದ್ದರೆ ಅದು ಹಸಿರು. 2.0ರಿಂದ 2.2ರವರೆಗೆ ಮೂರು ನಕ್ಷತ್ರ, 1.6ರಿಂದ 2.0ರವರೆಗೆ ನಾಲ್ಕು, ಅದಕ್ಕಿಂತ ಕೆಳಗೆ ಐದು. ದೇಶದ ಸರಾಸರಿ ಸುಮಾರು 2.5 ಇದೆ. ಈ ನಕ್ಷತ್ರಗಳ ಲೆಕ್ಕದಲ್ಲಿ ದೂಳಿಗೆ ಜಾಗವೇ ಇಲ್ಲ. 2023ರ ಜೂನ್‌ನಲ್ಲಿ ಅಧಿಸೂಚನೆಯಾದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯೂ ಹಸಿರುಮನೆ ಅನಿಲವನ್ನು ಮಾತ್ರ ಎಣಿಸುತ್ತದೆ. 2026ರ ಜನವರಿಯಿಂದ ಹಣದ ಹೊಣೆ ಹೊರಿಸುವ ಐರೋಪ್ಯ ಒಕ್ಕೂಟದ ಗಡಿ ಕಾರ್ಬನ್ ಶುಲ್ಕವೂ ಹಾಗೆಯೇ. ಇಲ್ಲಿ ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸ್‌ನವರು ಕೊಪ್ಪಳದ ಕಲ್ಲಿದ್ದಲಿನ ಇಂಗಾಲವನ್ನು ಗ್ರಾಂ ಗ್ರಾಂ ಲೆಕ್ಕ ಕೇಳುತ್ತಾರೆ, ಅದೇ ಕಲ್ಲಿದ್ದಲಿನ ಮಸಿ ಯಾರ ಮನೆಯ ಮೇಲೆ ಬಿತ್ತೆಂದು ಕೇಳುವುದಿಲ್ಲ. ಅವರ ದೃಷ್ಟಿಯಿಂದ ಅದು ಸಹಜ, ಏಕೆಂದರೆ ಇಂಗಾಲ ಎಲ್ಲಿಂದ ಹೋದರೂ ಎಲ್ಲರ ಆಕಾಶಕ್ಕೆ ಹೋಗುತ್ತದೆ, ಮಸಿ ಮಾತ್ರ ಅಕ್ಕಪಕ್ಕದವರ ಪಾಲು.

ಆದರೂ ಎರಡೂ ಒಂದೇ ದಾರಿಯಲ್ಲಿ ಸಾಗುವ ಒಂದು ಜಾಗವಿದೆ. ಎಬಿಸಿಯಿಂದ ಬರುವ ಬಿಸಿ ಅನಿಲವನ್ನು ನೀರು ಚಿಮುಕಿಸಿ ತಂಪು ಮಾಡುವ ಬದಲು ಬಾಯ್ಲರಿಗೆ ಕೊಟ್ಟರೆ 100 ಟನ್ನಿನ ಕಿಲ್ನಿನಿಂದ ಸುಮಾರು 2 ಮೆಗಾವಾಟ್ ವಿದ್ಯುತ್ ಸಿಗುತ್ತದೆ. ಅಷ್ಟು ವಿದ್ಯುತ್ತನ್ನು ಬೇರೆಡೆ ಕಲ್ಲಿದ್ದಲು ಸುಟ್ಟು ಮಾಡಬೇಕಾಗಿಲ್ಲವಾದ್ದರಿಂದ ಇಂಗಾಲದ ಲೆಕ್ಕವೂ ಇಳಿಯುತ್ತದೆ. ಕ್ಯಾಪ್ ತೆರೆದ ಪ್ರತಿ ಗಂಟೆಯೂ ಮಾಲೀಕನಿಗೆ ವಿದ್ಯುತ್ತಿನ ನಷ್ಟ. ಜಗತ್ತಿನಲ್ಲೇ ಅತಿ ಹೆಚ್ಚು ಸ್ಪಾಂಜ್ ಐರನ್ ಮಾಡುವ ದೇಶ ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದಲೇ ಆಗುತ್ತದೆ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬರುವವರೆಗೆ ಕಾಯುತ್ತಾ ಕೂರುವುದಕ್ಕಿಂತ, ಬಾಯ್ಲರ್ ಇಲ್ಲದ ಕಿಲ್ನಿಗೆ ಮಾಲಿನ್ಯ ಮಂಡಳಿಯ ಒಪ್ಪಿಗೆಯನ್ನು ನವೀಕರಿಸಬಾರದು ಎಂಬ ಒಂದೇ ಷರತ್ತು ಹೆಚ್ಚು ಕೆಲಸ ಮಾಡೀತು ಎಂದು ನನಗನಿಸುತ್ತದೆ.

ಎರಡು ಲಾರಿ

ಅಕ್ಕಾರೆ, ಬಾಯ್ಲರ್ ಮತ್ತು ಟರ್ಬೈನ್ ಎಂದರೆ ಕೋಟಿಗಳ ಮಾತು. ಒಂದೇ ಕಿಲ್ನ್ ಇಟ್ಟುಕೊಂಡವನು ಆ ಷರತ್ತಿಗೆ ಬಾಗಿಲು ಹಾಕುತ್ತಾನೆ, ಅವನ ಜಾಗವನ್ನು ದೊಡ್ಡವನು ಕೊಳ್ಳುತ್ತಾನೆ. ಹಸಿರು ಆರ್ಥಿಕತೆ ಎಂದರೆ ಸಣ್ಣವನು ದೊಡ್ಡವನಿಗೆ ಮಾರಿಕೊಳ್ಳುವುದು ಎಂದಾಗಬಾರದು.

ಡಾರ್ಟ್‌ಮಂಡ್‌ನಿಂದ

ನಿಮ್ಮ ಮಾತನ್ನು ತಳ್ಳಿಹಾಕಲಾರೆ. ಅಕ್ಕಪಕ್ಕದ ಎರಡು ಮೂರು ಸಣ್ಣ ಕಿಲ್ನ್‌ಗಳು ತಮ್ಮ ಹಬೆಯನ್ನು ಸೇರಿಸಿ ಒಂದೇ ಟರ್ಬೈನ್ ಓಡಿಸಬಹುದು, ಅದಕ್ಕೆ ಸಾಲದ ಬಡ್ಡಿಯಲ್ಲಿ ಸರ್ಕಾರ ಪಾಲು ಹೊರಬಹುದು. ಅದೂ ಆಗದ ಘಟಕಗಳು ಕೆಲವು ಮುಚ್ಚುತ್ತವೆ ಎಂಬುದನ್ನು ಮರೆಮಾಚುವುದು ಅಪ್ರಾಮಾಣಿಕತೆಯಾಗುತ್ತದೆ.

ಹಳೆಯ ಶಿಫ್ಟ್ ಇನ್‌ಚಾರ್ಜ್

ಬಾಯ್ಲರಿನ ಮಾತು ನಿಜ, ಆದರೆ ಬಾಯ್ಲರ್ ಟ್ರಿಪ್ ಆಗಿ ನಿಂತಾಗಲೂ ಕ್ಯಾಪ್ ತೆರೆಯುತ್ತದೆ ಎಂಬುದನ್ನು ಸೇರಿಸಿಕೊಳ್ಳಿ. ವ್ಯತ್ಯಾಸವೆಂದರೆ, ಬಾಯ್ಲರ್ ಇರುವ ಕಡೆ ಅದನ್ನು ಮುಚ್ಚುವ ಅವಸರ ಮ್ಯಾನೇಜರನಿಗೇ ಇರುತ್ತದೆ.

ಮಾಳಿಗೆಮನೆಯವರೇ, ಈಗ ನೀವು ಕೇಳಿದ ‘ಏನೆಂದು ಕೇಳಬೇಕು’ ಎಂಬುದಕ್ಕೆ ಬರುತ್ತೇನೆ. ಸ್ಪಾಂಜ್ ಐರನ್ ಘಟಕಗಳಿಗೆಂದೇ 2008ರಲ್ಲಿ ಕೇಂದ್ರ ಸರ್ಕಾರ ಮಾನದಂಡ ಪ್ರಕಟಿಸಿದೆ. ಕಲ್ಲಿದ್ದಲಿನ ಕಿಲ್ನಿನ ಚಿಮಣಿಯಲ್ಲಿ ದೂಳು ಘನ ಮೀಟರಿಗೆ 100 ಮಿಲಿಗ್ರಾಂ ಮೀರಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಯಾರೂ ಓದದ ಭಾಗದಲ್ಲಿ ಇನ್ನೊಂದು ಮಾತಿದೆ: ಮಾಲಿನ್ಯ ನಿಯಂತ್ರಣ ಉಪಕರಣಗಳಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಬೇಕು, ಐಡಿ ಫ್ಯಾನ್ ಎಳೆಯುವ ಕರೆಂಟಿನ ಆಂಪಿಯರನ್ನು ನಿರಂತರ ದಾಖಲಿಸಬೇಕು, ಉಪಕರಣ ನಿಂತರೆ ಕಾರಣ ಸಹಿತ ಲಾಗ್‌ಬುಕ್‌ನಲ್ಲಿ ಬರೆಯಬೇಕು. ಕ್ಯಾಪ್ ತೆರೆದರೆ ಚಿಮಣಿಯ ಕಡೆ ಹೋಗುವ ಅನಿಲ ಕಡಿಮೆಯಾಗಿ ಫ್ಯಾನಿನ ಆಂಪಿಯರ್ ಬೀಳುತ್ತದೆ. ಹೊಗೆಯನ್ನು ಅಡಗಿಸಬಹುದು, ಆಂಪಿಯರನ್ನು ಅಡಗಿಸುವುದು ಕಷ್ಟ. ನಿಮ್ಮ 41 ರಾತ್ರಿಗಳ ಪಟ್ಟಿಯನ್ನು ಲಗತ್ತಿಸಿ, ಆ ದಿನಾಂಕಗಳ ಮೀಟರ್ ಮತ್ತು ಲಾಗ್‌ಬುಕ್ ದಾಖಲೆಗಳಲ್ಲಿ ಕಚೇರಿಯ ಕಡತದಲ್ಲಿ ಇರುವಷ್ಟರ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ‘ಹೊಗೆ ಬರುತ್ತಿದೆ, ಕ್ರಮ ಕೈಗೊಳ್ಳಿ’ ಎಂದು ಬರೆಯಬೇಡಿ.

ಮಾಳಿಗೆಮನೆ, ಕೊಪ್ಪಳ ತಾಲ್ಲೂಕು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದಂತೆ ಅರ್ಜಿ ಹಾಕಿದೆ, ಮೊದಲ ಮೇಲ್ಮನವಿಯ ಹಂತದಲ್ಲಿ ಕಾಗದ ಸಿಕ್ಕಿತು. ಆಂಪಿಯರಿನ ದಾಖಲೆ ಕಡತದಲ್ಲಿ ಇಲ್ಲ ಎಂದು ತಿಳಿಸಿದ್ದಾರೆ. ಲಾಗ್‌ಬುಕ್‌ನ ನಕಲಿನಲ್ಲಿ ನನ್ನ 41 ರಾತ್ರಿಗಳಲ್ಲಿ 24ಕ್ಕೆ ಏನೂ ನಮೂದಾಗಿಲ್ಲ, ಉಳಿದ 17ಕ್ಕೆ ಒಂದೇ ಕೈಬರಹದಲ್ಲಿ ‘ವಿದ್ಯುತ್ ವ್ಯತ್ಯಯ’ ಎಂದು ಬರೆದಿದೆ. ಆ 17 ರಾತ್ರಿಗಳಲ್ಲಿ ನಮ್ಮ ಮನೆಯ ದೀಪ ಹೋಗಿರಲಿಲ್ಲ ಎಂಬುದು ನನಗೆ ನೆನಪಿದೆ.

ಹಳೆಯ ಶಿಫ್ಟ್ ಇನ್‌ಚಾರ್ಜ್

ನಿಮ್ಮ ಮನೆಯ ದೀಪ ಸಾಕ್ಷಿಯಾಗುವುದಿಲ್ಲ, ಏಕೆಂದರೆ ಕಾರ್ಖಾನೆಗೆ ಹೋಗುವುದು ಪ್ರತ್ಯೇಕ ಹೈಟೆನ್ಷನ್ ಫೀಡರ್ (ವಿದ್ಯುತ್ ಲೈನ್). ಆ ಫೀಡರ್ ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಎಷ್ಟು ನಿಮಿಷ ನಿಂತಿತು ಎಂಬುದನ್ನು ಸಬ್‌ಸ್ಟೇಷನ್‌ನಲ್ಲಿ ಬರೆದಿಟ್ಟಿರುತ್ತಾರೆ. ಮುಂದಿನ ಅರ್ಜಿಯನ್ನು ವಿದ್ಯುತ್ ಸರಬರಾಜು ಕಂಪನಿಗೆ ಹಾಕಿ, 17 ದಿನಾಂಕಗಳನ್ನಷ್ಟೇ ಕೇಳಿ. ಖಾಲಿ ಬಿಟ್ಟ 24ರ ವಿಷಯವನ್ನು ಆಮೇಲೆ ನೋಡೋಣ.

ಮಾಳಿಗೆಮನೆ, ಕೊಪ್ಪಳ ತಾಲ್ಲೂಕು

ಇಂದು ಬೆಳಿಗ್ಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ ಮಾಡಿ ಬಂದಿದ್ದೇನೆ. ನೋಟ್‌ಬುಕ್ಕಿನಲ್ಲಿ ಈಗ 58 ರಾತ್ರಿಗಳಾಗಿವೆ.